ಟೂ-ಸ್ಟ್ರೋಕ್ ಡರ್ಟ್ ಬೈಕ್ ನಿಂತಲ್ಲೇ ಏಕೆ ತಡವರಿಸುತ್ತದೆ?

ಹಳೆಯ ಟೂ-ಸ್ಟ್ರೋಕ್ ಡರ್ಟ್ ಬೈಕುಗಳಲ್ಲಿ ಒಂದು ವಿಚಿತ್ರವಿದೆ. ಕಡಿದಾದ ಏರನ್ನು ಲೀಲಾಜಾಲವಾಗಿ ಹತ್ತುವ ಗಾಡಿ, ಆಕ್ಸಿಲರೇಟರ್ ಬಿಟ್ಟೊಡನೆ ತಡವರಿಸಿ ಆಫ್ ಆಗುತ್ತದೆ. ಇಲ್ಲವೇ ಕೈ ಬಿಟ್ಟರೂ ವೇಗ ಇಳಿಯದೆ ಅರಚುತ್ತಲೇ ಇರುತ್ತದೆ. ಎರಡೂ ಸಂದರ್ಭಗಳಲ್ಲಿ ಹೆಚ್ಚಿನವರ ಕೈ ಮೊದಲು ಹೋಗುವುದು ಐಡಲ್ ಸ್ಕ್ರೂ ಕಡೆಗೆ. ಐಡಲ್ ಎಂದರೆ ಆಕ್ಸಿಲರೇಟರ್ ಮುಟ್ಟದೆ ಎಂಜಿನ್ ನಿಧಾನವಾಗಿ ಓಡುತ್ತಿರುವ ಸ್ಥಿತಿ. ಆ ಸ್ಕ್ರೂ ಮಾಡುವ ಕೆಲಸ ಕಾರ್ಬುರೇಟರಿನ ಸ್ಲೈಡನ್ನು, ಅಂದರೆ ಗಾಳಿಯ ದಾರಿಯನ್ನು ತೆರೆದು ಮುಚ್ಚುವ ತುಂಡನ್ನು, ಕೂದಲೆಳೆಯಷ್ಟು ಎತ್ತುವುದು, ಅಥವಾ ಇಳಿಸುವುದು. ಅದರಿಂದ ರೋಗಲಕ್ಷಣ ಮರೆಯಾಗುತ್ತದೆ, ರೋಗ ಹಾಗೆಯೇ ಉಳಿಯುತ್ತದೆ. ಐಡಲ್ ಕೆಟ್ಟಿದೆ ಎಂದರೆ ಎಂಜಿನ್ ಏನನ್ನೋ ಹೇಳುತ್ತಿದೆ. ಅದನ್ನು ಕೇಳಿಸಿಕೊಳ್ಳುವುದು ನಿಜಕ್ಕೂ ಮುಖ್ಯ, ಏಕೆಂದರೆ ಕೆಲವೊಮ್ಮೆ ಅದು ಪಿಸ್ಟನ್ ಸುಟ್ಟುಹೋಗುವ ಮುನ್ನಿನ ಎಚ್ಚರಿಕೆ.

1891ರಲ್ಲಿ ಇಂಗ್ಲೆಂಡಿನ ಬಾತ್ ನಗರದ ಜೋಸೆಫ್ ಡೇ ರೂಪಿಸಿದ ಉಪಾಯವೇ ಈ ಎಂಜಿನ್ನುಗಳಿಗೆ ಇಂದಿಗೂ ಆಧಾರ. ಇಲ್ಲಿ ಪಿಸ್ಟನ್ನಿನ ಕೆಳಗಿನ ಕ್ರ್ಯಾಂಕ್‌ಕೇಸೇ ಪಂಪು. ಪಿಸ್ಟನ್ ಮೇಲೇರಿದಾಗ ಕೆಳಗೆ ಒತ್ತಡ ಕುಸಿದು ಕಾರ್ಬುರೇಟರಿನಿಂದ ಗಾಳಿ, ಪೆಟ್ರೋಲು, ಆಯಿಲ್ ಒಳಬರುತ್ತವೆ. ಕೆಳಗಿಳಿದಾಗ ಆ ಮಿಶ್ರಣ ಒತ್ತಡಕ್ಕೆ ಸಿಕ್ಕಿ ಸಿಲಿಂಡರಿಗೆ ನುಗ್ಗುತ್ತದೆ. ಉರಿದ ಅನಿಲವನ್ನು ಹೊರದಬ್ಬಬೇಕಾದದ್ದೂ ಹೀಗೆ ನುಗ್ಗುವ ಹೊಸ ಮಿಶ್ರಣವೇ. ಥ್ರಾಟಲ್ (ಆಕ್ಸಿಲರೇಟರ್) ಪೂರ್ತಿ ತೆರೆದಿದ್ದರೆ ಇದು ಸರಾಗ. ಐಡಲ್‌ನಲ್ಲಿ ಸ್ಲೈಡ್ ಬಹುಪಾಲು ಮುಚ್ಚಿರುತ್ತದೆ. ಒಳಬರುವ ಹೊಸ ಮಿಶ್ರಣ ತೀರಾ ಕಡಿಮೆ, ಸಿಲಿಂಡರಿನ ತುಂಬ ಹಳೆಯ ಹೊಗೆ. ನಿಮಿಷಕ್ಕೆ 1,500 ಸುತ್ತು ಎಂದರೂ ಸೆಕೆಂಡಿಗೆ 25 ಬಾರಿ ಕಿಡಿ ಹಾರುತ್ತದೆ, ಆದರೆ ಪ್ರತಿ ಕಿಡಿಗೂ ಬೆಂಕಿ ಹತ್ತುವುದಿಲ್ಲ. ಹೀಗೆ ಅಂಚಿನಲ್ಲಿ ಬದುಕುವ ಎಂಜಿನ್ನಿಗೆ ಚೂರು ಕಸ, ಚೂರು ಗಾಳಿ ಸೋರಿಕೆ ಕೂಡ ಸಾಕು.

ನಿಲ್ಲಿಸಿದೊಡನೆ ಸಾಯುವ ಗಾಡಿಯಲ್ಲಿ ಮೊದಲು ನೋಡಬೇಕಾದದ್ದು ಪೈಲಟ್ ಜೆಟ್. ಐಡಲ್‌ನಿಂದ ಸುಮಾರು ಕಾಲು ಥ್ರಾಟಲ್‌ವರೆಗೆ ಪೆಟ್ರೋಲು ಪೂರೈಸುವುದು ಮುಖ್ಯವಾಗಿ ಇದೇ ಪುಟ್ಟ ಹಿತ್ತಾಳೆ ತುಂಡು. ಬಿಚ್ಚಿ ಬೆಳಕಿಗೆ ಹಿಡಿಯಿರಿ: ಸುಮಾರು ಅರ್ಧ ಮಿಲಿಮೀಟರಿನ ರಂಧ್ರದಲ್ಲಿ ದುಂಡನೆಯ, ಅಂಚು ಚೊಕ್ಕವಾಗಿರುವ ಬೆಳಕಿನ ಚುಕ್ಕಿ ಕಾಣಬೇಕು. ತಿಂಗಳುಗಟ್ಟಲೆ ನಿಂತ ಗಾಡಿಯಲ್ಲಿ ಪೆಟ್ರೋಲು ಆವಿಯಾಗಿ, ಉಳಿದ ಅಂಟು ಆ ಚುಕ್ಕಿಯನ್ನು ಅರ್ಧಚಂದ್ರವಾಗಿಸಿರುತ್ತದೆ, ಕೆಲವೊಮ್ಮೆ ಪೂರ್ತಿ ಮುಚ್ಚಿರುತ್ತದೆ. ಕ್ಲೀನರಿನಲ್ಲಿ ನೆನೆಸಿ ಗಾಳಿಯಿಂದ ಊದಿ. ಉಕ್ಕಿನ ತಂತಿ ತೂರಿಸಬೇಡಿ. ಹಿತ್ತಾಳೆ ಮೆತ್ತಗಿನ ಲೋಹ, ರಂಧ್ರ ಒಂದಿಷ್ಟು ಹಿಗ್ಗಿದರೂ ಆ ಜೆಟ್ಟಿನ ಅಳತೆಗೆ ಅರ್ಥವಿಲ್ಲ. ಜೆಟ್ಟಿನಿಂದ ಮುಂದಿನ ಕೊರೆದ ಹಾದಿಗಳನ್ನೂ ಊದಿ ನೋಡಬೇಕು. ಜೆಟ್ ಮಾತ್ರ ತೊಳೆದು ಮರಳಿ ಜೋಡಿಸುವವರೇ ಜಾಸ್ತಿ.

ಆಮೇಲೆ ಐಡಲ್ ಮಿಶ್ರಣದ ಹದ ಹೊಂದಿಸುವ ಏರ್ ಸ್ಕ್ರೂ. ಎಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ ಅದನ್ನು ನಿಧಾನವಾಗಿ ತಿರುಗಿಸುತ್ತ, ಐಡಲ್ ಅತಿ ಹೆಚ್ಚು ಮತ್ತು ಅತಿ ಸ್ಥಿರವಾಗಿರುವ ಜಾಗ ಹುಡುಕಬೇಕು. ಸ್ಕ್ರೂ ಏರ್ ಫಿಲ್ಟರ್ ಬದಿಗಿದ್ದರೆ ಬಿಚ್ಚಿದಷ್ಟೂ ಮಿಶ್ರಣ ತೆಳುವಾಗುತ್ತದೆ, ಅಂದರೆ ಗಾಳಿಗೆ ಹೋಲಿಸಿದರೆ ಪೆಟ್ರೋಲು ಕಡಿಮೆಯಾಗುತ್ತದೆ. ಒಂದು ಸುತ್ತಿಗಿಂತ ಕಡಿಮೆ ಬಿಚ್ಚಿದಾಗಲೇ ಎಂಜಿನ್ ಹದಕ್ಕೆ ಬಂದರೆ ಪೈಲಟ್ ಜೆಟ್ ಚಿಕ್ಕದಾಯಿತು; ಎರಡೂವರೆ ಸುತ್ತು ದಾಟಿದರೆ ದೊಡ್ಡದಾಯಿತು. ಇಲ್ಲೊಂದು ಮಾತು: ಪೆಟ್ರೋಲಿಗೆ ಆಯಿಲ್ ಜಾಸ್ತಿ ಬೆರೆಸಿದರೆ ಮಿಶ್ರಣ ಗಾಢವಾಗುತ್ತದೆ ಎಂಬ ನಂಬಿಕೆ ತಪ್ಪು. ಅದೇ ಜೆಟ್ಟಿನಲ್ಲಿ ಆಯಿಲ್ ಹೆಚ್ಚಾದಂತೆ ಪೆಟ್ರೋಲಿನ ಪಾಲು ಇಳಿಯುತ್ತದೆ, ಗಾಳಿಯ ಲೆಕ್ಕದಲ್ಲಿ ಮಿಶ್ರಣ ತೆಳುವಾಗುತ್ತದೆ.

ನನಗೆ ಹೆಚ್ಚು ಆತಂಕವಾಗುವುದು ಎರಡನೆಯ ಬಗೆಯ ಗಾಡಿ, ಅರಚುವ ಗಾಡಿ, ಕಂಡಾಗ. ಕೇಬಲ್ ಸಿಕ್ಕಿಹಾಕಿಕೊಂಡಿಲ್ಲ, ಸ್ಲೈಡ್ ಸರಾಗವಾಗಿ ಇಳಿಯುತ್ತಿದೆ ಎಂದು ಖಚಿತವಾದರೆ, ಅನುಮಾನಿಸಬೇಕಾದದ್ದು ಕಾರ್ಬುರೇಟರನ್ನು ತಪ್ಪಿಸಿ ಒಳನುಗ್ಗುವ ಕಳ್ಳ ಗಾಳಿಯನ್ನು. ಬಿರುಕು ಬಿಟ್ಟ ಇನ್‌ಟೇಕ್ ರಬ್ಬರ್, ರೀಡ್ ವಾಲ್ವ್ (ಮಿಶ್ರಣವನ್ನು ಒಳಮುಖವಾಗಿ ಮಾತ್ರ ಬಿಡುವ ಕವಾಟ) ಗ್ಯಾಸ್ಕೆಟ್, ಸಿಲಿಂಡರ್ ತಳದ ಗ್ಯಾಸ್ಕೆಟ್, ಮ್ಯಾಗ್ನೆಟ್ (ಕಿಡಿಗೆ ವಿದ್ಯುತ್ ಹುಟ್ಟಿಸುವ ಭಾಗ) ಬದಿಯ ಕ್ರ್ಯಾಂಕ್ ಆಯಿಲ್ ಸೀಲ್, ಇವುಗಳಲ್ಲಿ ಯಾವುದಾದರೂ ಕಾರಣವಾಗಿರಬಹುದು. ಥ್ರಾಟಲ್ ತೆರೆದಿದ್ದಾಗ ಕಾರ್ಬುರೇಟರಿನಿಂದ ಬರುವ ಗಾಳಿಯ ಮುಂದೆ ಸಣ್ಣ ಸೋರಿಕೆ ನಗಣ್ಯ. ಮುಚ್ಚಿದಾಗ ನ್ಯಾಯವಾಗಿ ಬರುವ ಗಾಳಿ ಕಡಿಮೆಯಾಗುತ್ತದೆ, ಒಳಗಿನ ಸೆಳೆತ ಹೆಚ್ಚುತ್ತದೆ. ಅದೇ ಸೋರಿಕೆಯ ಪಾಲು ಏಕಾಏಕಿ ದೊಡ್ಡದಾಗುತ್ತದೆ. ಐಡಲ್‌ನಲ್ಲೇ ತೊಂದರೆ ಎದ್ದು ಕಾಣುವುದು ಇದಕ್ಕೇ. ಪೆಟ್ರೋಲಿನ ಪಾಲು ಹೆಚ್ಚಿಸುವ ಚೋಕ್ ಎಳೆದಾಗ ವೇಗ ಇಳಿದು ಶಾಂತವಾದರೆ ಮಿಶ್ರಣ ತೆಳು ಎಂಬ ಅನುಮಾನ ಬಲವಾಗುತ್ತದೆ. ತೆಳು ಮಿಶ್ರಣದಲ್ಲಿ ಪಿಸ್ಟನ್ನಿನ ಶಾಖ ಏರುತ್ತದೆ. ಆಯಿಲ್ ಬರುವುದೂ ಪೆಟ್ರೋಲಿನ ಜೊತೆಗೇ ಆದ್ದರಿಂದ ಶಾಖ ಏರಿದ ಹೊತ್ತಿಗೇ ನಯಗಾರಿಕೆ ಕುಗ್ಗುತ್ತದೆ. ಅಂಥ ಗಾಡಿಯನ್ನು ಹಾಗೆಯೇ ಓಡಿಸಿದರೆ ಪಿಸ್ಟನ್ ಸಿಲಿಂಡರಿಗೆ ಕಚ್ಚಿಕೊಳ್ಳುತ್ತದೆ.

ಸೋರುವ ಜಾಗ ಪತ್ತೆ ಮಾಡಲು ಬಿಸಿ ಎಂಜಿನ್ ಮೇಲೆ ಉರಿಯುವ ಕ್ಲೀನರ್ ಸ್ಪ್ರೇ ಮಾಡುವ ಪದ್ಧತಿಯಿದೆ. ಬೆಂಕಿಯ ಅಪಾಯವಿರುವ ಆ ಹಾದಿ ನನಗೆ ಒಪ್ಪಿಗೆಯಿಲ್ಲ. ಎಂಜಿನ್ ತಣ್ಣಗಿದ್ದಾಗ ಇನ್‌ಟೇಕ್ ಮತ್ತು ಎಕ್ಸಾಸ್ಟ್ ಬಾಯಿಗಳನ್ನು ಮುಚ್ಚಿ, ಕೈಪಂಪಿನಿಂದ ಸುಮಾರು 6 ಪಿಎಸ್‌ಐ ಒತ್ತಡ ತುಂಬಿ ಮಾಪಕ ನೋಡುತ್ತಿರಿ. ಒತ್ತಡ ಕೆಲವು ನಿಮಿಷ ನಿಲ್ಲಬೇಕು. ಇಳಿದರೆ ಜೋಡಣೆಗಳಿಗೆಲ್ಲ ಸೋಪಿನ ನೀರು ಹಚ್ಚಿ. ಗುಳ್ಳೆ ಏಳುವಲ್ಲಿ ಸೋರಿಕೆ. ಮ್ಯಾಗ್ನೆಟ್ ಬಿಚ್ಚಿ ಅದರ ಹಿಂದಿನ ಸೀಲನ್ನೂ ಹೀಗೆಯೇ ನೋಡಬೇಕು. ಒತ್ತಡ ಹೆಚ್ಚಿಸಲು ಹೋಗಬೇಡಿ, ಸೀಲ್ ಜಾಗ ಬಿಟ್ಟು ಜರುಗಬಹುದು.

ಕ್ಲಚ್ ಬದಿಯ ಸೀಲ್ ಹೋದರೆ ಕಥೆ ಬೇರೆ. ಒಳಬರುವುದು ಗೇರ್ ಆಯಿಲ್: ಸೈಲೆನ್ಸರಿನಿಂದ ನಿಲ್ಲದ ಬಿಳಿ ಹೊಗೆ, ಮತ್ತೆ ಮತ್ತೆ ಒದ್ದೆಯಾಗುವ ಪ್ಲಗ್, ಹೊರಗೆಲ್ಲೂ ಸೋರದೆ ಇಳಿಯುತ್ತಿರುವ ಗೇರ್ ಆಯಿಲ್ ಮಟ್ಟ. ಈ ಮೂರೂ ಒಟ್ಟಿಗೆ ಕಂಡರೆ ಕಾರ್ಬುರೇಟರ್ ಬಿಚ್ಚುವ ಅಗತ್ಯವೇ ಇಲ್ಲ.

ರೀಡ್ ವಾಲ್ವಿನ ತೆಳು ಹಾಳೆಗಳ ತುದಿ ಮುರಿದಿದ್ದರೆ ಅಥವಾ ಸರಿಯಾಗಿ ಮುಚ್ಚಿಕೊಳ್ಳದಿದ್ದರೆ ಮಿಶ್ರಣ ಕಾರ್ಬುರೇಟರಿನತ್ತ ಹಿಮ್ಮೆಟ್ಟುತ್ತದೆ, ಸ್ಟಾರ್ಟ್ ಮಾಡುವುದೂ ಕಷ್ಟವಾಗುತ್ತದೆ. ತಣ್ಣಗಿದ್ದಾಗ ಚೆನ್ನಾಗಿದ್ದು, ಬಿಸಿಯಾದ ಮೇಲಷ್ಟೇ ಐಡಲ್ ಸಾಯುತ್ತಿದ್ದರೆ ಇಗ್ನಿಷನ್ ಕಾಯಿಲುಗಳ ಪ್ರತಿರೋಧವನ್ನು ಬಿಸಿಯಿರುವಾಗಲೇ ಅಳೆಯಿರಿ. ಕಡಿಮೆ ವೇಗದಲ್ಲಿ ಮ್ಯಾಗ್ನೆಟ್ ಹುಟ್ಟಿಸುವ ವೋಲ್ಟೇಜ್ ಮೊದಲೇ ಕಡಿಮೆ, ದಣಿದ ಕಾಯಿಲಿನ ಬಲಹೀನತೆ ಅಲ್ಲೇ ಬಯಲಾಗುತ್ತದೆ.

ಇಷ್ಟೆಲ್ಲ ಸರಿಪಡಿಸಿದ ಮೇಲೂ ಒಂದಿಷ್ಟು ತಾಳ ತಪ್ಪುವಿಕೆ ಉಳಿಯುತ್ತದೆ. ಒಂದೆರಡು ಸುತ್ತು ಉರಿಯದೆ ಹೋಗಿ, ಹೊಸ ಮಿಶ್ರಣ ಸೇರಿಕೊಂಡ ಮೇಲೆ ಒಮ್ಮೆಲೇ ಉರಿಯುವುದು ಈ ಎಂಜಿನ್ನಿನ ಹುಟ್ಟುಗುಣ. ಅದಕ್ಕಾಗಿ ಸ್ಕ್ರೂ ತಿರುಗಿಸುತ್ತ ಕೂರಬೇಕಿಲ್ಲ. ಕಡಿಮೆ ಥ್ರಾಟಲ್‌ನಲ್ಲಿ ಹೀಗೆ ಉರಿ ತಪ್ಪುವುದನ್ನು ನಿವಾರಿಸಲು ಹೋಂಡಾ ಗಂಭೀರವಾಗಿಯೇ ಪ್ರಯತ್ನಿಸಿತು. ಎಕ್ಸಾಸ್ಟ್ ದ್ವಾರವನ್ನು ಕವಾಟದಿಂದ ಕಿರಿದುಗೊಳಿಸಿ, ಒಳಗುಳಿದ ಬಿಸಿ ಅನಿಲದಿಂದಲೇ ಹೊಸ ಮಿಶ್ರಣ ತಾನಾಗಿ ಹೊತ್ತಿಕೊಳ್ಳುವಂತೆ ಮಾಡಿತು. ಆ ತಂತ್ರದ ಇಎಕ್ಸ್‌ಪಿ-2 ಬೈಕ್ 1995ರ ಗ್ರನಾಡಾ–ಡಕಾರ್ ರ‍್ಯಾಲಿಯಲ್ಲಿ ಒಟ್ಟಾರೆ ಐದನೆಯ ಸ್ಥಾನ ಪಡೆಯಿತು. 1997ರಲ್ಲಿ ಅದೇ ತಂತ್ರ ಸಿಆರ್‌ಎಂ250ಎಆರ್ ಎಂಬ ಬೈಕಿನಲ್ಲಿ ಮಾರುಕಟ್ಟೆಗೂ ಬಂತು. ಉಳಿದ ಹೆಚ್ಚಿನ ಹಳೆಯ ಡರ್ಟ್ ಬೈಕುಗಳಲ್ಲಿ ಇರುವುದು ಪೈಲಟ್ ಜೆಟ್ ಮತ್ತು ಏರ್ ಸ್ಕ್ರೂ ಮಾತ್ರ.