ವಾಟರ್ ಪಂಪ್ ಹೊಸದು, ಆದರೂ ಘಾಟಿಯಲ್ಲಿ ಇಂಜಿನ್ ಬಿಸಿ ಏಕೆ?

ಪ್ರಶ್ನೆ: ಕಾರಿನ ವಾಟರ್ ಪಂಪ್ ಬದಲಿಸಿ ಹೊಸ ಕೂಲೆಂಟ್ ಹಾಕಿಸಿದೆ. ಮಡಿಕೇರಿ ಪೇಟೆಯೊಳಗೆ ಓಡಾಡಿದರೆ ಏನೂ ತೊಂದರೆಯಿಲ್ಲ. ಸಂಪಾಜೆಯಿಂದ ಘಾಟಿ ಹತ್ತುವಾಗ ಮಾತ್ರ ಸೂಜಿ ಮೇಲೇರುತ್ತದೆ. ಎಲ್ಲೂ ಸೋರುತ್ತಿಲ್ಲ. ಪಂಪ್ ಮತ್ತೆ ಬಿಚ್ಚಿಸಬೇಕೇ?

ಉತ್ತರ: ಈಗಲೇ ಬಿಚ್ಚಿಸಬೇಡಿ. ಮೊದಲು ಹೀಟರ್ ಹಾಕಿ ನೋಡಿ. ಇಂಜಿನ್ ಕಾದಿದ್ದರೂ ತಣ್ಣನೆ ಗಾಳಿಯೇ ಬರುತ್ತಿದ್ದರೆ, ರೇಸ್ ಕೊಟ್ಟಾಗ ಡ್ಯಾಶ್‌ಬೋರ್ಡ್ ಹಿಂದೆ ಗುಳುಗುಳು ಸದ್ದಾದರೆ, ಒಳಗೆ ಗಾಳಿ ಕೂತಿರುವ ಸಾಧ್ಯತೆಯೇ ಹೆಚ್ಚು. ಗ್ಯಾರೇಜಿನವರು ಏರ್ ಲಾಕ್ ಅನ್ನುವುದು ಇದನ್ನೇ.

ಪಂಪ್ ಬಿಚ್ಚಿದಾಗ ಕೂಲೆಂಟ್ ಇಳಿದುಹೋಗಿ ಆ ಜಾಗಕ್ಕೆ ಗಾಳಿ ಸೇರುತ್ತದೆ. ಮೇಲಿಂದ ತುಂಬಿಸಿದರೂ ಹೀಟರ್ ಪೈಪಿನಂಥ ಎತ್ತರದ ತಿರುವುಗಳಲ್ಲಿ ಅದು ಉಳಿದುಬಿಡುತ್ತದೆ. ಪಂಪ್ ದ್ರವವನ್ನು ತಳ್ಳಬಲ್ಲದು, ಗಾಳಿಯನ್ನು ತಳ್ಳಲಾರದು. ಪೇಟೆಯಲ್ಲಿ ಇಂಜಿನ್ನಿಗೆ ಭಾರವಿಲ್ಲದ್ದರಿಂದ ಹೇಗೋ ನಡೆಯುತ್ತದೆ. ಸಂಪಾಜೆಯಿಂದ ಸುಮಾರು 1,000 ಮೀಟರ್ ಎತ್ತರಕ್ಕೆ ಸೆಕೆಂಡ್, ಥರ್ಡ್ ಗೇರಿನಲ್ಲೇ ಹತ್ತುವಾಗ ಗುಟ್ಟು ಬಯಲಾಗುತ್ತದೆ.

ಗಾಳಿ ತೆಗೆಯಲು ನಮ್ಮ ಊರಿನ ಏರು ಅಂಗಳಗಳೇ ಅನುಕೂಲ. ಇಂಜಿನ್ ಪೂರ್ತಿ ತಣ್ಣಗಿರುವಾಗ, ಅಂದರೆ ಬೆಳಿಗ್ಗೆಯೇ, ಕಾರಿನ ಮೂತಿ ಏರಿನ ಕಡೆಗಿರುವಂತೆ ನಿಲ್ಲಿಸಿ. ಗೇರ್ ನ್ಯೂಟ್ರಲ್, ಹ್ಯಾಂಡ್‌ಬ್ರೇಕ್, ಚಕ್ರಗಳ ಹಿಂದೆ ದೊಡ್ಡ ಕಲ್ಲು. ರೇಡಿಯೇಟರ್ ಕ್ಯಾಪ್, ಅದಿಲ್ಲದ ಗಾಡಿಯಾದರೆ ಕೂಲೆಂಟ್ ಟ್ಯಾಂಕಿನ ಮುಚ್ಚಳ, ತೆಗೆದು ಬಾಯಿವರೆಗೆ ತುಂಬಿಸಿ. ಹೀಟರನ್ನು ಪೂರ್ತಿ ಬಿಸಿಗೆ ತಿರುಗಿಸಿ ಸ್ಟಾರ್ಟ್ ಮಾಡಿ.

ಆಮೇಲೆ ಬೇಕಾದದ್ದು ತಾಳ್ಮೆ. ಮೊದಲು ಸಣ್ಣ ಗುಳ್ಳೆಗಳು ಬರುತ್ತವೆ. ರೇಡಿಯೇಟರಿನ ಮೇಲಿನ ಹೋಸನ್ನು ದಪ್ಪ ಬಟ್ಟೆಯಲ್ಲಿ ಹಿಡಿದು ಹಿಂಡಿ ಬಿಟ್ಟರೆ ಇನ್ನಷ್ಟು ಏಳುತ್ತವೆ. ಕೂಲೆಂಟ್ ಕಾದ ಮೇಲೆ ರೇಡಿಯೇಟರಿಗೆ ದಾರಿ ಬಿಡುವ ಕವಾಟ, ಅಂದರೆ ಥರ್ಮೋಸ್ಟಾಟ್, ತೆರೆದ ಕ್ಷಣ ಗುಳುಕ್ ಎಂದು ದೊಡ್ಡ ಗುಳ್ಳೆಯೊಂದು ಹೊರಬಿದ್ದು ಮಟ್ಟ ಒಮ್ಮೆಗೇ ಕುಸಿಯುತ್ತದೆ. ಅಲ್ಲಿಯವರೆಗೆ ಸಿಕ್ಕಿಬಿದ್ದಿದ್ದ ಗಾಳಿ ಅದು. ಕೂಡಲೇ ತುಂಬಿಸಿ. ಫ್ಯಾನ್ ಎರಡು ಸಲ ತಿರುಗಿ ನಿಲ್ಲುವವರೆಗೆ ಕಾಯಿರಿ, ಮುಖ ಬಗ್ಗಿಸಬೇಡಿ, ಬಿಸಿ ಕೂಲೆಂಟ್ ಉಕ್ಕಬಹುದು. ಕೆಲವು ಗಾಡಿಗಳಲ್ಲಿ ಗಾಳಿ ಬಿಡಲೆಂದೇ ಬ್ಲೀಡ್ ಸ್ಕ್ರೂ ಇರುತ್ತದೆ. ಪ್ಲಾಸ್ಟಿಕ್ಕಿನದಾದರೆ ಬಿಗಿಮಾಡುವಾಗ ಹಗುರ ಕೈ ಇರಲಿ.

ಬರೀ ನೀರು ತುಂಬಿಸಿ ಈ ಕೆಲಸಕ್ಕೆ ಇಳಿಯಬೇಡಿ. ಮಡಿಕೇರಿಯ ಎತ್ತರದಲ್ಲಿ ತೆರೆದ ಬಾಯಿಯ ನೀರು ಸುಮಾರು 96 ಡಿಗ್ರಿಗೇ ಕುದಿಯುತ್ತದೆ. ಹೆಚ್ಚುಕಡಿಮೆ ಅದೇ ಬಿಸಿಗೆ ಫ್ಯಾನ್ ಶುರುವಾಗುವ ಕಾರುಗಳಿವೆ. ಕುದಿಯುವ ಗುಳ್ಳೆ ಯಾವುದು, ಗಾಳಿಯ ಗುಳ್ಳೆ ಯಾವುದು, ಗೊತ್ತಾಗುವುದೇ ಇಲ್ಲ. ಅರ್ಧ ಕೂಲೆಂಟ್, ಅರ್ಧ ಡಿಸ್ಟಿಲ್ಡ್ ವಾಟರ್ ಬೆರೆಸಿದ್ದು ನೂರು ದಾಟಿದ ಮೇಲೆಯೇ ಕುದಿಯುವುದು. ಚೆಲ್ಲಿದ್ದನ್ನು ಆಗಲೇ ತೊಳೆಯಿರಿ. ಸಿಹಿಯಿರುವುದರಿಂದ ನಾಯಿ ನೆಕ್ಕುತ್ತದೆ, ಅದು ವಿಷ.

ಹೀಟರಿನಿಂದ ಬಿಸಿಗಾಳಿ ಸತತವಾಗಿ ಬಂದರೆ ಮುಚ್ಚಳ ಬಿಗಿಮಾಡಿ. ಮರುದಿನ ಬೆಳಿಗ್ಗೆ ಮಟ್ಟ ಸ್ವಲ್ಪ ಇಳಿದಿದ್ದರೆ ಗಾಬರಿ ಬೇಡ, ತುಂಬಿಸಿ. ಎರಡು ಮೂರು ದಿನ ಹೀಗೇ ನೋಡಿ.

ಗುಳ್ಳೆ ನಿಲ್ಲದೇ ಬರುತ್ತಿದ್ದರೆ, ದಿನವೂ ಮಟ್ಟ ಇಳಿಯುತ್ತಿದ್ದರೆ, ಇಂಜಿನ್ ಆಯಿಲ್ ಹಾಲು ಬೆರೆಸಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ಹೆಡ್ ಗ್ಯಾಸ್ಕೆಟ್ (ಇಂಜಿನ್ನಿನ ಹೆಡ್ ಮತ್ತು ಬ್ಲಾಕ್ ನಡುವಿನ ಸೀಲ್) ಮೇಲೆ ಅನುಮಾನಪಡಬೇಕು. ಅದನ್ನು ಪರೀಕ್ಷೆ ಮಾಡಿಸುವವರೆಗೆ ಕಾರನ್ನು ಘಾಟಿಗೆ ಇಳಿಸಬೇಡಿ.