ರೋನ್‌ಶಾಂ ಗಣಿ 1,010 ಮೀಟರ್ ಆಳಕ್ಕೆ ಇಳಿದದ್ದೇಕೆ?

ಪೂರ್ವ ಫ್ರಾನ್ಸಿನಲ್ಲಿ, ವೋಜ್ ಪರ್ವತಗಳ ದಕ್ಷಿಣದ ಬುಡದಲ್ಲಿ ರೋನ್‌ಶಾಂ ಎಂಬ ಸಣ್ಣ ಊರಿದೆ. ವಾಸ್ತುಶಿಲ್ಪ ಓದುವವರು ಅದನ್ನು ಲ ಕಾರ್ಬೂಸಿಯೆ ವಿನ್ಯಾಸದ ಪ್ರಾರ್ಥನಾ ಮಂದಿರದಿಂದ ಬಲ್ಲರು. ಆ ಸೀಮೆಯ ನೆಲದಡಿಯಿಂದ ಸುಮಾರು ಇನ್ನೂರು ವರ್ಷ ಕಲ್ಲಿದ್ದಲು ತೆಗೆದ ಕಥೆಯೂ ಅಷ್ಟೇ ಗಮನಕ್ಕೆ ಅರ್ಹವಾದದ್ದು.

ಈ ಗಣಿಯ ಇತಿಹಾಸ ತಿಳಿಯಲು ಮೊದಲು ಕಲ್ಲಿದ್ದಲಿನ ಪದರ ಯಾವ ಕಡೆಗೆ ವಾಲಿತ್ತು ಎಂಬುದನ್ನು ಗಮನಿಸಬೇಕು. ಉತ್ತರದ ಕಡೆ ಕಲ್ಲಿದ್ದಲು ನೆಲದ ಮೇಲೆಯೇ ಕಾಣಿಸಿಕೊಂಡಿತ್ತು. 18ನೇ ಶತಮಾನದ ಮಧ್ಯದಲ್ಲಿ ಗುಡ್ಡದ ಬದಿಯಿಂದ ಸುರಂಗ ಕೊರೆದು ಅದನ್ನು ತೆಗೆದರು. ಆದರೆ ಪದರ ದಕ್ಷಿಣಕ್ಕೆ ವಾಲಿಕೊಂಡಿತ್ತು. ಹತ್ತಿರದ್ದು ಮುಗಿದಂತೆಲ್ಲ ಹೊಸ ಬಾವಿಯನ್ನು, ಅಂದರೆ ಗಣಿಗೆ ಇಳಿಯುವ ನೇರ ಗುಂಡಿಯನ್ನು, ಇನ್ನಷ್ಟು ದಕ್ಷಿಣಕ್ಕೆ, ಇನ್ನಷ್ಟು ಆಳಕ್ಕೆ ತೋಡಬೇಕಾಯಿತು. 1894ರಲ್ಲಿ ಆರಂಭಿಸಿ 1900ರಲ್ಲಿ ಮುಗಿಸಿದ ಆರ್ತೂರ್ ದ ಬ್ಯುಯೆ ಬಾವಿ 1,010 ಮೀಟರ್ ಮುಟ್ಟಿತು. ಆಗ ಫ್ರಾನ್ಸಿನಲ್ಲಿ ಅದಕ್ಕಿಂತ ಆಳದ ಗಣಿಬಾವಿ ಇರಲಿಲ್ಲ. ಅನೇಕರು ಈ ಅಂಕಿಯನ್ನು ಸಾಹಸವೆಂದು ಹೊಗಳುತ್ತಾರೆ. ನನಗೆ ಇದು ಕಂಪನಿಯ ಅನಿವಾರ್ಯತೆಯಾಗಿಯೇ ಕಾಣುತ್ತದೆ.

ಆಳ ಹೆಚ್ಚಿದರೆ ಏನಾಗುತ್ತದೆ? ಸಾಮಾನ್ಯವಾಗಿ ಪ್ರತಿ 100 ಮೀಟರಿಗೆ ಬಂಡೆಯ ಉಷ್ಣತೆ ಸುಮಾರು 3 ಡಿಗ್ರಿ ಏರುತ್ತದೆ. ಹಾಗಾಗಿ ನೆಲಮಟ್ಟದ ಉಷ್ಣತೆಯೂ ಸೇರಿ ಸಾವಿರ ಮೀಟರಿನ ತಳದಲ್ಲಿ ಬಂಡೆಯೇ 40 ಡಿಗ್ರಿ ಸೆಲ್ಸಿಯಸ್ ದಾಟುತ್ತದೆ. ಆ ಬಿಸಿಯಲ್ಲಿ ಗುದ್ದಲಿ ಹಿಡಿದವರ ಬೆವರನ್ನು ನೆನೆಯದೆ ಉತ್ಪಾದನೆಯ ಕೋಷ್ಟಕ ಓದುವುದು ನನಗೆ ಸಾಧ್ಯವಾಗುವುದಿಲ್ಲ. ಮೇಲಿನ ಬಂಡೆಯ ಭಾರ ಸುರಂಗಗಳನ್ನು ಹಿಂಡುತ್ತದೆ; ಗಾಳಿ ಕಳಿಸಲು, ನೀರೆತ್ತಲು, ಕಾರ್ಮಿಕರನ್ನು ಇಳಿಸಿ ಏರಿಸಲು ಖರ್ಚು ಬೆಳೆಯುತ್ತದೆ. ಕಲ್ಲಿದ್ದಲಿನ ಬೆಲೆ ಮಾತ್ರ ಆಳವನ್ನು ನೋಡಿ ಏರುವುದಿಲ್ಲ.

ಹಾಗೆಂದು ಆಳವಿಲ್ಲದ ಗಣಿ ಸುರಕ್ಷಿತವೆಂದು ತಿಳಿಯಬಾರದು. ಕಡಿದ ಪದರದಿಂದ ಹೊರಬರುವ ಮೀಥೇನ್ ಎಂಬ ಉರಿಯುವ ಅನಿಲ ಗಾಳಿಯೊಡನೆ ಬೆರೆತಾಗ ಸ್ಫೋಟಕ್ಕೆ ಒಂದು ಕಿಡಿ ಸಾಕು. 1824ರಲ್ಲಿ ರೋನ್‌ಶಾಂನ ಸೇಂ-ಲೂಯಿ ಬಾವಿಯ ಸ್ಫೋಟದಲ್ಲಿ 20 ಜನ ಸತ್ತರು. ಆಗಿನ್ನೂ ಆಳದ ಬಾವಿಗಳು ಹುಟ್ಟಿರಲೇ ಇಲ್ಲ.

20ನೇ ಶತಮಾನದ ಆರಂಭದಲ್ಲಿ ಕೀಳು ದರ್ಜೆಯ ಕಲ್ಲಿದ್ದಲನ್ನು ಉರಿಸಲು ಕಂಪನಿ ಇಲ್ಲಿಯೇ ಉಷ್ಣ ವಿದ್ಯುತ್ ಸ್ಥಾವರ ಕಟ್ಟಿತು. ಎರಡು ಮಹಾಯುದ್ಧಗಳ ನಡುವೆ ಪೋಲೆಂಡಿನಿಂದ ಬಂದ ಕುಟುಂಬಗಳು ಗಣಿ ಕೆಲಸಕ್ಕೆ ನೆಲೆಸಿದವು. 1946ರ ರಾಷ್ಟ್ರೀಕರಣದಲ್ಲಿ ಇತರ ಗಣಿಗಳು ಕಲ್ಲಿದ್ದಲು ಮಂಡಳಿಯ ಪಾಲಾದರೆ, ಸ್ಥಾವರವಿದ್ದ ಕಾರಣ ರೋನ್‌ಶಾಂ ಸರ್ಕಾರಿ ವಿದ್ಯುತ್ ಸಂಸ್ಥೆಗೆ ಸೇರಿತು.

1950ರ ದಶಕದ ಆರಂಭದಲ್ಲಿ ಆಳದ ಬಾವಿಯ ಕೆಲಸ ನಿಂತಿತು. ಅದೇ ಹೊತ್ತಿಗೆ ಉತ್ತರದ ಹಳೆಯ ಗಣಿಗಳ ಬಳಿ, ಮೊದಲಿನವರು ಬಿಟ್ಟುಹೋಗಿದ್ದ ಕಲ್ಲಿದ್ದಲಿಗಾಗಿ ಎತಾಂಸೋಂ ಎಂಬ ಆಳವಿಲ್ಲದ ಬಾವಿ ತೆರೆದರು. 1958ರಲ್ಲಿ ಅದೂ ಮುಚ್ಚಿತು.