ಹಾಸ್ಯ ಧಾರಾವಾಹಿಗೆ ತಾರೆ ಅತಿಥಿಯಾಗಿ ಬಂದಾಗ ನಗು ಹುಟ್ಟುವುದು ಎಲ್ಲಿ?

ದೂರದರ್ಶನ ಬರವಣಿಗೆಯ ಪತ್ರಿಕೆಯಲ್ಲಿ ಸಿಟ್‌ಕಾಮ್ ಎಂಬ ಹಾಸ್ಯ ಧಾರಾವಾಹಿ ಪ್ರಕಾರದ ಕುರಿತ ಘಟಕವೊಂದಿದೆ. ಅದರಲ್ಲಿ ಅತಿಥಿ ತಾರೆಯರ ಭಾಗ ನನಗೆ ಬಹಳ ದಿನ ಬಗೆಹರಿಯಲಿಲ್ಲ. ಆಂತರಿಕ ಪರೀಕ್ಷೆಯಲ್ಲಿ ನಾನು, ಪ್ರಸಿದ್ಧ ನಟನೊಬ್ಬ ಬಂದು ನಗಿಸುತ್ತಾನೆ, ಆದ್ದರಿಂದ ಪ್ರೇಕ್ಷಕರು ಹೆಚ್ಚುತ್ತಾರೆ ಎಂದು ಬರೆದಿದ್ದೆ. ನಮ್ಮ ಸರ್ ಆ ಸಾಲಿನ ಕೆಳಗೆ ಗೆರೆ ಎಳೆದು, "ನಗಿಸಿದವರು ಯಾರು? ಮತ್ತೊಮ್ಮೆ ನೋಡು" ಎಂದಷ್ಟೇ ಬರೆದರು. ಮತ್ತೊಮ್ಮೆ ನೋಡಿದಾಗ ತಿಳಿದದ್ದನ್ನು ಮರೆಯುವ ಮೊದಲೇ ಇಲ್ಲಿ ದಾಖಲಿಸುತ್ತಿದ್ದೇನೆ. ಧಾರವಾಡದ ಸಪ್ತಾಪುರದಲ್ಲಿ ನನ್ನೊಡನೆ ಕೋಣೆ ಹಂಚಿಕೊಂಡಿರುವ ಗೆಳತಿಗೂ ಇದೇ ಪತ್ರಿಕೆ ಇರುವುದರಿಂದ, ಅವಳು ಕೇಳಿದ ಪ್ರಶ್ನೆಗಳೂ ಈ ಟಿಪ್ಪಣಿಯಲ್ಲಿ ಸೇರಿವೆ.

ಪದಗಳು

ಪದಗಳ ವಿಷಯದಲ್ಲಿ ಹೆಚ್ಚು ಕಷ್ಟವಿಲ್ಲ. ಕ್ಷಣಮಾತ್ರ ಬಂದು ಹೋಗುವುದು ಕ್ಯಾಮಿಯೋ. ಕಥೆಯಲ್ಲಿ ಒಂದು ಕೆಲಸವನ್ನು ಹೊತ್ತು ಬರುವುದು ಅತಿಥಿ ಪಾತ್ರ. ಅಮೆರಿಕದ ಟಿವಿ ಪ್ರಶಸ್ತಿಯಾದ ಎಮ್ಮಿಯಲ್ಲಿ ಅತಿಥಿ ಕಲಾವಿದರಿಗೆ ಪ್ರತ್ಯೇಕ ವಿಭಾಗವಿದ್ದು, 2015ರಿಂದ ಆ ವಿಭಾಗಕ್ಕೆ ಅರ್ಹರಾಗಲು ಕಲಾವಿದರು ಆ ಸೀಸನ್ನಿನ ಒಟ್ಟು ಸಂಚಿಕೆಗಳ ಅರ್ಧಕ್ಕಿಂತ ಕಡಿಮೆ ಸಂಚಿಕೆಗಳಲ್ಲಿ ಕಾಣಿಸಿಕೊಂಡಿರಬೇಕು ಎಂಬ ನಿಯಮವಿದೆ. ಪರೀಕ್ಷೆಗೆ ಇಷ್ಟು ಸಾಕು.

ನಾನು ಎಡವಿದ ಜಾಗ

1955ರ ಫೆಬ್ರವರಿ 7ರಂದು ಪ್ರಸಾರವಾದ, ಅಮೆರಿಕದ ಹಾಸ್ಯ ಧಾರಾವಾಹಿ 'ಐ ಲವ್ ಲೂಸಿ'ಯ ಸಂಚಿಕೆಯನ್ನು ಎದುರಿಗಿಟ್ಟುಕೊಳ್ಳಿ. ಗಂಡನಿಗೆ ಸಿನಿಮಾದಲ್ಲಿ ಅವಕಾಶ ಸಿಕ್ಕಿದ್ದರಿಂದ ಲೂಸಿ ಹಾಲಿವುಡ್‌ಗೆ ಬಂದಿದ್ದಾಳೆ. ತಾರೆಯರನ್ನು ಕಣ್ಣಾರೆ ನೋಡಬೇಕೆಂಬ ಹಂಬಲದಿಂದ ಗೆಳತಿ ಎಥೆಲ್ ಮತ್ತು ಅವಳ ಗಂಡ ಫ್ರೆಡ್ ಜೊತೆಗೆ ಬ್ರೌನ್ ಡರ್ಬಿ ಎಂಬ ಹೋಟೆಲಿಗೆ ಹೋಗುತ್ತಾಳೆ. ಪಕ್ಕದ ಆಸನದಲ್ಲಿ ಆ ಕಾಲದ ಹೆಸರಾಂತ ನಟ ವಿಲಿಯಂ ಹೋಲ್ಡನ್ ಊಟಕ್ಕೆ ಕುಳಿತಿದ್ದಾನೆ. ಲೂಸಿ ಅವನನ್ನು ರೆಪ್ಪೆ ಬಡಿಯದೆ ದಿಟ್ಟಿಸುತ್ತಾಳೆ. ಅವನು ಬೇಸತ್ತು, ತಿರುಗಿ ಅವಳನ್ನೇ ದಿಟ್ಟಿಸಲು ತೊಡಗುತ್ತಾನೆ. ಆಗ ಲೂಸಿಗೆ ತಟ್ಟೆಯಲ್ಲಿರುವ ಶಾವಿಗೆಯಂತಹ ಸ್ಪಗೆಟ್ಟಿಯನ್ನು ನುಂಗಲೂ ಆಗುವುದಿಲ್ಲ, ಬಿಡಲೂ ಆಗುವುದಿಲ್ಲ; ಕೊನೆಗೆ ಎಥೆಲ್ ಕತ್ತರಿಯಿಂದ ಆ ಎಳೆಯನ್ನು ಕತ್ತರಿಸುತ್ತಾಳೆ. ಹೊರಡುವ ಗಡಿಬಿಡಿಯಲ್ಲಿ ಲೂಸಿಯಿಂದಾಗಿ ತಿಂಡಿಯ ತಟ್ಟೆ ಹೋಲ್ಡನ್‌ನ ಮೈಮೇಲೆ ಬೀಳುತ್ತದೆ.

ಇಲ್ಲಿ ಹೋಲ್ಡನ್ ಮಾಡಿದ್ದನ್ನು ಪಟ್ಟಿ ಮಾಡಿ ನೋಡಿ. ಅವನು ಊಟ ಮಾಡಿದ, ತಿರುಗಿ ನೋಡಿದ, ತಿಂಡಿ ಮೈಮೇಲೆ ಬಿದ್ದಾಗ ಕುಳಿತಿದ್ದ. ಇದರಲ್ಲಿ ಯಾವುದೂ ಸ್ವತಃ ಹಾಸ್ಯವಲ್ಲ. ಇದನ್ನು ಒಪ್ಪಿಕೊಳ್ಳಲು ನನಗೆ ಮೂರು ಸಲ ಸಂಚಿಕೆ ನೋಡಬೇಕಾಯಿತು, ಏಕೆಂದರೆ ತಾರೆ ಪರದೆಯ ಮೇಲಿರುವಾಗ ನನ್ನ ಕಣ್ಣು ಅವನನ್ನೇ ಹಿಂಬಾಲಿಸುತ್ತಿತ್ತು. ಮೂರನೆಯ ಸಲ ಹೋಲ್ಡನ್‌ನನ್ನು ಬಿಟ್ಟು ಲೂಸಿಯನ್ನು ಮಾತ್ರ ನೋಡಿದೆ. ಸಂಚಿಕೆಯ ಕೊನೆಯ ಭಾಗದಲ್ಲಿ ಗಂಡ ರಿಕಿ ಏನೂ ತಿಳಿಯದೆ ಅದೇ ಹೋಲ್ಡನ್‌ನನ್ನು ಮನೆಯವಳ ಪರಿಚಯಕ್ಕೆಂದು ಕರೆತರುತ್ತಾನೆ. ಲೂಸಿ ಗುರುತು ಸಿಗಬಾರದೆಂದು ತಲೆಗೆ ವಸ್ತ್ರ ಸುತ್ತಿ, ಕನ್ನಡಕ ಹಾಕಿ, ಮೆತ್ತಿದ ಕೃತಕ ಮೂಗಿನೊಂದಿಗೆ ಬರುತ್ತಾಳೆ. ಹೋಲ್ಡನ್ ಸೌಜನ್ಯದಿಂದ ಅವಳ ಸಿಗರೇಟಿಗೆ ಬೆಂಕಿ ಹಚ್ಚುವಾಗ ಆ ಮೂಗಿಗೇ ಬೆಂಕಿ ತಗಲುತ್ತದೆ, ಅವಳು ಅದನ್ನು ಕಾಫಿ ಲೋಟದಲ್ಲಿ ಅದ್ದುತ್ತಾಳೆ. ಅತಿಥಿಯ ಪಾಲಿಗೆ ಬಂದದ್ದು ಬೆಂಕಿಕಡ್ಡಿ ಮಾತ್ರ, ಉರಿದದ್ದೆಲ್ಲ ಮನೆಯವಳದು.

ಗೆಳತಿಗೆ ಇದನ್ನು ಬೀಗರ ಉದಾಹರಣೆಯಿಂದ ವಿವರಿಸಿದೆ. ನಮ್ಮ ಗದಗಿನ ಮನೆಗೆ ಬೀಗರು ಬರುತ್ತಾರೆಂದರೆ ಅಟ್ಟದ ಮೇಲಿನ ಗಾಜಿನ ಲೋಟಗಳು ಕೆಳಗಿಳಿಯುತ್ತವೆ, ಅಪ್ಪ ಎಂದೂ ಆಡದ ಗ್ರಂಥದ ಭಾಷೆಯಲ್ಲಿ ಮಾತಿಗಿಳಿಯುತ್ತಾರೆ, ಅವ್ವ ಅಡುಗೆಮನೆಯಿಂದ ಕಣ್ಣಿನಲ್ಲೇ ಎಲ್ಲರಿಗೂ ಆಜ್ಞೆ ಕೊಡುತ್ತಾಳೆ. ಬೀಗರು ಸುಮ್ಮನೆ ಚಾಪೆಯ ಮೇಲೆ ಕುಳಿತು ಚಹಾ ಕುಡಿಯುತ್ತಿರುತ್ತಾರೆ. ಆ ಅರ್ಧ ಗಂಟೆಯನ್ನು ಯಾರಾದರೂ ಚಿತ್ರೀಕರಿಸಿದರೆ ನಗು ಬರುವುದು ನಮ್ಮನ್ನು ನೋಡಿ, ಬೀಗರನ್ನು ನೋಡಿ ಅಲ್ಲ. ಅತಿಥಿ ಸಂಚಿಕೆಯ ರಚನೆ ಇದೇ. ಮನೆಯ ಖಾಯಂ ಪಾತ್ರಕ್ಕೆ ಮೊದಲಿನಿಂದಲೂ ಒಂದು ದೌರ್ಬಲ್ಯವಿರುತ್ತದೆ. ಅತಿಥಿಯ ಆಗಮನ ಅದನ್ನು ಕೆಣಕುತ್ತದೆ.

ಅದಲು-ಬದಲು ಪರೀಕ್ಷೆ

ಯಾವ ಸಂಚಿಕೆಯನ್ನಾದರೂ ಬಿಡಿಸಿ ನೋಡಲು ನಾನು ಮಾಡಿಕೊಂಡ ಉಪಾಯ ಇದು. ಮೊದಲು ಅತಿಥಿಯನ್ನು ಬದಲಿಸಿ, ಅವನ ಜಾಗದಲ್ಲಿ ಅಷ್ಟೇ ಪ್ರಸಿದ್ಧನಾದ ಇನ್ನೊಬ್ಬನನ್ನು ಕೂರಿಸಿ. ಅನಂತರ ಅತಿಥಿಯನ್ನು ಹಾಗೆಯೇ ಬಿಟ್ಟು ಖಾಯಂ ಪಾತ್ರವನ್ನು ಬದಲಿಸಿ. ಮೊದಲ ಬದಲಾವಣೆಯಲ್ಲಿ ಕಥೆ ನಿಂತು ಎರಡನೆಯದರಲ್ಲಿ ಕುಸಿದರೆ, ನಗು ಖಾಯಂ ಪಾತ್ರದಲ್ಲಿದೆ ಎಂದು ಅರ್ಥ. ಹೋಲ್ಡನ್ ಜಾಗದಲ್ಲಿ ಬೇರೊಬ್ಬ ನಟ ಕುಳಿತರೂ ಲೂಸಿ ದಿಟ್ಟಿಸುತ್ತಾಳೆ. ಲೂಸಿಯ ಜಾಗದಲ್ಲಿ ಸಂಕೋಚದ ಹೆಂಗಸೊಬ್ಬಳು ಕುಳಿತರೆ ಊಟ ಮುಗಿಸಿ ಮನೆಗೆ ಹೋಗುತ್ತಾಳೆ.

ಇಷ್ಟರಲ್ಲಿ ಎಲ್ಲ ಬಗೆಹರಿಯಿತೆಂದು ಸಮಾಧಾನಪಟ್ಟಿದ್ದೆ. ಆಗ ಗೆಳತಿ, ಸ್ಯಾಮಿ ಡೇವಿಸ್ ಜೂನಿಯರ್ ಬಂದ ಸಂಚಿಕೆಗೆ ಈ ಪರೀಕ್ಷೆ ಹೊಂದುವುದಿಲ್ಲವಲ್ಲ ಎಂದಳು. ನಿಜವಾಗಿಯೂ ಹೊಂದಲಿಲ್ಲ. 'ಆಲ್ ಇನ್ ದ ಫ್ಯಾಮಿಲಿ'ಯ ಆ ಸಂಚಿಕೆ ಪ್ರಸಾರವಾದದ್ದು 1972ರ ಫೆಬ್ರವರಿ 19ರಂದು. ಮನೆಯ ಯಜಮಾನ ಆರ್ಚಿ ಬಂಕರ್ ಜನಾಂಗೀಯ ಪೂರ್ವಗ್ರಹ ತುಂಬಿದ ಮನುಷ್ಯ. ಅವನು ಓಡಿಸಿದ ಟ್ಯಾಕ್ಸಿಯಲ್ಲಿ ಕಪ್ಪು ಜನಾಂಗದ ಗಾಯಕ ಸ್ಯಾಮಿ ಡೇವಿಸ್ ತಮ್ಮ ಕೈಪೆಟ್ಟಿಗೆಯನ್ನು ಮರೆತು, ಅದನ್ನು ಪಡೆಯಲು ಅವನ ಮನೆಗೇ ಬರುತ್ತಾರೆ. ಆರ್ಚಿ ಗೌರವ ತೋರಲು ಪ್ರಯತ್ನಿಸುತ್ತಾನೆ, ಆದರೆ ಗೌರವದ ಪ್ರತಿ ಮಾತಿನಲ್ಲೂ ಅವನ ಪೂರ್ವಗ್ರಹವೇ ಇಣುಕುತ್ತದೆ. ಕೊನೆಗೆ ಇಬ್ಬರೂ ಫೋಟೋಕ್ಕೆ ನಿಂತಾಗ, ಕ್ಯಾಮೆರಾ ಒತ್ತುವ ಕ್ಷಣಕ್ಕೆ ಸರಿಯಾಗಿ ಸ್ಯಾಮಿ ಅವನ ಕೆನ್ನೆಗೆ ಮುತ್ತಿಡುತ್ತಾರೆ. ಜಾನ್ ರಿಚ್ ಅವರಿಗೆ ಈ ಸಂಚಿಕೆಯ ನಿರ್ದೇಶನಕ್ಕಾಗಿ ಎಮ್ಮಿ ಬಂದಿತು.

ಇಲ್ಲಿ ಅತಿಥಿಯ ಜಾಗದಲ್ಲಿ ಬಿಳಿಯ ತಾರೆಯೊಬ್ಬನನ್ನು ಕೂರಿಸಿದರೆ ಕಥೆಯೇ ಇಲ್ಲ. ಹಾಗಾದರೆ ನಗು ಅತಿಥಿಯಲ್ಲಿದೆಯೇ? ಎರಡು ದಿನ ಈ ಪ್ರಶ್ನೆಯಲ್ಲಿಯೇ ಸಿಕ್ಕಿಕೊಂಡಿದ್ದೆ. ಹೆಸರನ್ನು ಬದಲಿಸುವುದಕ್ಕೂ ಗುಣವನ್ನು ಬದಲಿಸುವುದಕ್ಕೂ ವ್ಯತ್ಯಾಸವಿದೆ ಎಂಬುದು ಆಮೇಲೆ ಹೊಳೆಯಿತು. ಕಪ್ಪು ಜನಾಂಗದ ಇನ್ನೊಬ್ಬ ಜನಪ್ರಿಯ ತಾರೆ ಬಂದಿದ್ದರೂ ಆರ್ಚಿ ಹೀಗೆಯೇ ತಡವರಿಸುತ್ತಿದ್ದ. ಖಾಯಂ ಪಾತ್ರದ ದೌರ್ಬಲ್ಯಕ್ಕೆ ನೇರವಾಗಿ ತಾಗುವ ಒಂದು ಗುಣ ಅತಿಥಿಯಲ್ಲಿರಬೇಕು. ಆ ಗುಣವನ್ನು ಉಳಿಸಿಕೊಂಡು ಹೆಸರನ್ನು ಮಾತ್ರ ಬದಲಿಸಬೇಕು. ಲೂಸಿಗೆ ತಾಗುವ ಗುಣ ಖ್ಯಾತಿ, ಆದ್ದರಿಂದ ಯಾವ ಖ್ಯಾತನಾದರೂ ಸಾಕಾಯಿತು. ಆರ್ಚಿಗೆ ಖ್ಯಾತಿ ಮತ್ತು ಜನಾಂಗ ಎರಡೂ ಕೂಡಿದ ಅತಿಥಿಯೇ ಬೇಕಾಯಿತು, ಏಕೆಂದರೆ ಅವನು ಒಂದನ್ನು ಪೂಜಿಸುತ್ತಾನೆ, ಇನ್ನೊಂದನ್ನು ದ್ವೇಷಿಸುತ್ತಾನೆ. ಇದನ್ನು ಕಂಡುಕೊಂಡ ಸಂಜೆ ನಾವಿಬ್ಬರೂ ಗಿರಮಿಟ್ಟು ತಿನ್ನುತ್ತ ಇನ್ನೂ ಆರು ಸಂಚಿಕೆಗಳನ್ನು ಪರೀಕ್ಷಿಸಿದೆವು, ಒಂದರಲ್ಲಿಯೂ ಉಪಾಯ ಕೈಕೊಡಲಿಲ್ಲ.

ತಾನೇ ಆಗಿ ಬರುವುದು, ಪಾತ್ರವಾಗಿ ಬರುವುದು

ಪಠ್ಯದಲ್ಲಿ ಈ ವಿಂಗಡಣೆಗೆ ಹೆಚ್ಚು ಮಹತ್ವ ಕೊಟ್ಟಿದ್ದಾರೆ, ನನಗೆ ಅಷ್ಟು ಮುಖ್ಯವೆನಿಸಲಿಲ್ಲ. 1996ರ ಜನವರಿ 28ರಂದು ಸೂಪರ್ ಬೌಲ್ ಎಂಬ ಅಮೆರಿಕನ್ ಫುಟ್ಬಾಲ್ ಅಂತಿಮ ಪಂದ್ಯದ ಬೆನ್ನಿಗೇ ಪ್ರಸಾರವಾಗಿ, ಸುಮಾರು 5.29 ಕೋಟಿ ಜನ ನೋಡಿದ 'ಫ್ರೆಂಡ್ಸ್' ಸಂಚಿಕೆಯಲ್ಲಿ ಎರಡೂ ಬಗೆಗಳಿವೆ. ಸಿನಿಮಾ ನಟ ಜೀನ್-ಕ್ಲಾಡ್ ವಾನ್ ಡ್ಯಾಮ್ ತಾನೇ ಆಗಿ ಬರುತ್ತಾನೆ, ಅವನಿಗಾಗಿ ಖಾಯಂ ಪಾತ್ರಗಳಾದ ಮೋನಿಕಾ ಮತ್ತು ರೇಚಲ್ ಜಗಳಾಡುತ್ತಾರೆ. ನಟಿ ಜೂಲಿಯಾ ರಾಬರ್ಟ್ಸ್, ಇನ್ನೊಂದು ಖಾಯಂ ಪಾತ್ರವಾದ ಚಾಂಡ್ಲರ್‌ನ ಮೇಲೆ ಶಾಲೆಯ ದಿನಗಳ ಹಗೆ ತೀರಿಸಿಕೊಳ್ಳಲು ಬಂದ ಅವನ ಸಹಪಾಠಿಯಾಗಿ ನಟಿಸುತ್ತಾಳೆ. ತಾನೇ ಆಗಿ ಬಂದವನೂ ಬರೆದುಕೊಟ್ಟ ಮಾತನ್ನೇ ಆಡುತ್ತಾನೆ, ಆದ್ದರಿಂದ ಅದೂ ಪಾತ್ರವೇ ಎಂಬುದನ್ನು ನೆನಪಿಟ್ಟರೆ ಸಾಕು. 'ಸೈನ್‌ಫೆಲ್ಡ್' ಧಾರಾವಾಹಿಯಲ್ಲಿ 1992ರ ಫೆಬ್ರವರಿ 12ರಂದು ಬೇಸ್‌ಬಾಲ್ ಆಟಗಾರ ಕೀತ್ ಹೆರ್ನಾಂಡೆಜ್ ತನ್ನ ಹೆಸರಿನಲ್ಲಿಯೇ ಬಂದು ನಾಯಕನ ಗೆಳೆಯನಾದ; ಅದು ಆ ಆಟಗಾರನ ಬದುಕಲ್ಲ, ಬರೆದ ಕಥೆ.

ಮನೆಯೊಳಗಿನ ನಗು, ಮನೆಯ ಹೊರಗಿನ ನಗು

2001ರ ನವೆಂಬರ್ 22ರ 'ಫ್ರೆಂಡ್ಸ್' ಸಂಚಿಕೆಯಲ್ಲಿ ಬ್ರಾಡ್ ಪಿಟ್ ಬರುವುದು ವಿಲ್ ಎಂಬ ಹಳೆಯ ಸಹಪಾಠಿಯಾಗಿ. ವಿಲ್‌ಗೆ ರೇಚಲ್ ಎಂದರೆ ಆಗದು, ಅವಳನ್ನು ದ್ವೇಷಿಸುವವರ ಸಂಘವನ್ನೇ ಶಾಲೆಯಲ್ಲಿ ಕಟ್ಟಿದ್ದವನು. ಕಥೆಯೊಳಗಿನ ನಗು ಅಷ್ಟು. ಆದರೆ ಆಗ ಬ್ರಾಡ್ ಪಿಟ್ ಮತ್ತು ರೇಚಲ್ ಪಾತ್ರಧಾರಿ ಜೆನ್ನಿಫರ್ ಅನಿಸ್ಟನ್ ನಿಜಜೀವನದಲ್ಲಿ ಗಂಡ-ಹೆಂಡತಿ. ಅವನು ಅವಳ ಮೇಲೆ ವಿಷ ಕಾರುವ ಪ್ರತಿ ಮಾತಿಗೆ ಪ್ರೇಕ್ಷಕರು ನಕ್ಕದ್ದು ಈ ಹೊರಗಿನ ತಿಳಿವಳಿಕೆಯಿಂದ. ನನ್ನ ಗೆಳತಿಗೆ ಈ ಮದುವೆಯ ವಿಷಯ ತಿಳಿದಿರಲಿಲ್ಲ. ಅವಳು ಸಂಚಿಕೆಯನ್ನು ನೋಡಿ ಅಲ್ಲಲ್ಲಿ ಮುಗುಳ್ನಕ್ಕಳು, ಹೇಳಿದ ಮೇಲೆ ಮತ್ತೆ ಹಾಕಿಸಿಕೊಂಡು ಜೋರಾಗಿ ನಕ್ಕಳು. 1955ರ ಲೂಸಿಯ ಮೂಗಿಗೆ ಬೆಂಕಿ ತಗಲಿದಾಗ ಮಾತ್ರ ಹೋಲ್ಡನ್ ಯಾರೆಂದು ಅವಳು ಕೇಳಲೇ ಇಲ್ಲ. ಹೊರಗಿನ ನಗುವಿಗೆ ವಯಸ್ಸಾಗುತ್ತದೆ, ಒಳಗಿನದಕ್ಕೆ ಅಷ್ಟು ಬೇಗ ಆಗುವುದಿಲ್ಲ ಎಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ಸಾಕ್ಷಿ ಸಿಗಲಿಲ್ಲ.

ಹೊರಗಿನ ನಗು ಅತಿಥಿಗಳಿಗೆ ಮಾತ್ರ ಮೀಸಲಲ್ಲ. ಸೃಜನ್ ಲೋಕೇಶ್ ಅವರ 'ಮಜಾ ಟಾಕೀಸ್'ನಲ್ಲಿ ವರಲಕ್ಷ್ಮಿಯಾಗಿದ್ದ ಅಪರ್ಣಾ ಅವರನ್ನು ನೆನೆಯಿರಿ. ಸ್ವಚ್ಛ ಕನ್ನಡದ ನಿರೂಪಣೆಗೆ, ಬೆಂಗಳೂರು ಮೆಟ್ರೋದಲ್ಲಿ ಕೇಳಿಬರುವ ಕನ್ನಡ ಪ್ರಕಟಣೆಗಳಿಗೆ ಅವರ ದನಿ ಹೆಸರಾಗಿತ್ತು. ಆ ಗಂಭೀರ ದನಿಯ ಒಡತಿ ಜಂಬದ, ಅಬ್ಬರದ ವರಲಕ್ಷ್ಮಿಯಾದಾಗ, ನಮಗೆ ಮೊದಲೇ ಗೊತ್ತಿದ್ದ ಅಪರ್ಣಾ ಆ ಪಾತ್ರದ ಹಿಂದೆ ನಿಂತಿರುತ್ತಿದ್ದರು. 2024ರ ಜುಲೈನಲ್ಲಿ ಅವರು ತೀರಿಕೊಂಡ ಮೇಲೆ ಹಳೆಯ ಸಂಚಿಕೆಗಳನ್ನು ನೋಡಿದಾಗ ನಗುವಿನ ಜೊತೆಗೆ ಗಂಟಲೂ ಕಟ್ಟುತ್ತದೆ. ಟಿಪ್ಪಣಿಯಲ್ಲಿ ಇದಕ್ಕೆ ಜಾಗವಿಲ್ಲದಿರಬಹುದು, ಆದರೂ ಬರೆಯದೆ ಇರಲಾಗಲಿಲ್ಲ.

ಯಾವಾಗ ಕರೆಯುತ್ತಾರೆ

ಮೇಲಿನ ಪ್ರಸಾರ ದಿನಾಂಕಗಳನ್ನು ಮತ್ತೆ ನೋಡಿ: ಸ್ಯಾಮಿ ಮತ್ತು ಹೆರ್ನಾಂಡೆಜ್ ಫೆಬ್ರವರಿಯಲ್ಲಿ, ಪಿಟ್ ನವೆಂಬರ್‌ನಲ್ಲಿ. ಅಮೆರಿಕದಲ್ಲಿ ನೀಲ್ಸನ್ ಸಂಸ್ಥೆ ನವೆಂಬರ್, ಫೆಬ್ರವರಿ, ಮೇ ಮತ್ತು ಜುಲೈ ತಿಂಗಳುಗಳಲ್ಲಿ ಮನೆಮನೆಗೆ ಡೈರಿ ಹಂಚಿ ಸ್ಥಳೀಯ ಕೇಂದ್ರಗಳ ವೀಕ್ಷಣೆಯನ್ನು ಅಳೆಯುತ್ತಿತ್ತು; ಆ ಲೆಕ್ಕದ ಮೇಲೆ ಸ್ಥಳೀಯ ಜಾಹೀರಾತಿನ ದರ ನಿಂತಿರುತ್ತಿತ್ತು. ಇದಕ್ಕೆ ಸ್ವೀಪ್ಸ್ ಎಂದು ಹೆಸರು. ದೊಡ್ಡ ಅತಿಥಿಗಳನ್ನು ಈ ತಿಂಗಳುಗಳಿಗಾಗಿಯೇ ಕಾಯ್ದಿರಿಸುವ ರೂಢಿ ಬೆಳೆಯಿತು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಬಿಡಾರ ಹೂಡುವ ನಾಟಕ ಕಂಪನಿಗಳು ಸಿನಿಮಾ ಕಲಾವಿದರನ್ನು ಕರೆಸಿ ಭಿತ್ತಿಪತ್ರದಲ್ಲಿ ದೊಡ್ಡದಾಗಿ ಹಾಕುವುದನ್ನು ನೋಡಿದವರಿಗೆ ಈ ಲೆಕ್ಕಾಚಾರ ಹೊಸದಲ್ಲ; ಕಲೆಕ್ಷನ್ ಆಗುವ ದಿನಗಳಲ್ಲಿಯೇ ಅತಿಥಿ ಬರಬೇಕು.

ನಮ್ಮಲ್ಲಿ ಟಿವಿ ವೀಕ್ಷಣೆಯನ್ನು ಅಳೆಯುವ ಬಾರ್ಕ್ ಸಂಸ್ಥೆಯ ರೇಟಿಂಗ್ ವಾರಕ್ಕೊಮ್ಮೆ ಬರುವುದರಿಂದ ಅಂತಹ ಋತುವಿಲ್ಲ. ಇಲ್ಲಿ ಅತಿಥಿಯ ಆಗಮನವನ್ನು ಹೆಚ್ಚಾಗಿ ನಿರ್ಧರಿಸುವುದು ಸಿನಿಮಾ ಬಿಡುಗಡೆಯ ಶುಕ್ರವಾರ. ಇದರಿಂದ ಒಂದು ತೊಂದರೆ ಹುಟ್ಟುತ್ತದೆ, ಇದನ್ನು ಉತ್ತರಪತ್ರಿಕೆಯಲ್ಲಿ ಧೈರ್ಯವಾಗಿ ಬರೆಯಿರಿ: ಪ್ರಚಾರಕ್ಕೆ ಬಂದ ಚಿತ್ರತಂಡ ತನ್ನ ಕೆಲಸದ ಬಗ್ಗೆಯೇ ಮಾತನಾಡಬೇಕಾಗುತ್ತದೆ, ಮನೆಯವರ ದೌರ್ಬಲ್ಯವನ್ನು ಕೆಣಕಲು ಅವರಿಗೆ ಪುರಸೊತ್ತಿರುವುದಿಲ್ಲ. ಆಗ ಖಾಯಂ ಪಾತ್ರಗಳು ಚಪ್ಪಾಳೆ ತಟ್ಟುವವರಾಗಿ ಉಳಿಯುತ್ತವೆ. ಬೀಗರು ಬಂದು ತಾವೇ ಬಡಿಸಿಕೊಂಡು ಉಂಡು ಎದ್ದು ಹೋದಂತೆ.

ಅಭ್ಯಾಸಕ್ಕೆ ಒಂದು

2012ರ ಏಪ್ರಿಲ್ 5ರಂದು 'ದ ಬಿಗ್ ಬ್ಯಾಂಗ್ ಥಿಯರಿ'ಯಲ್ಲಿ ಭೌತವಿಜ್ಞಾನಿ ಸ್ಟೀಫನ್ ಹಾಕಿಂಗ್ ತಾವೇ ಆಗಿ ಕಾಣಿಸಿಕೊಂಡರು. ತನ್ನಂತಹ ಬುದ್ಧಿವಂತ ಇಲ್ಲವೆಂದು ನಂಬಿದ ಶೆಲ್ಡನ್ ತನ್ನ ಪ್ರಬಂಧವನ್ನು ಅವರಿಗೆ ಒಪ್ಪಿಸುತ್ತಾನೆ. ಎರಡನೆಯ ಪುಟದಲ್ಲಿ ಅಂಕಗಣಿತದ ತಪ್ಪಿದೆ ಎಂದು ಹಾಕಿಂಗ್ ತಮ್ಮ ಯಂತ್ರದ ದನಿಯಲ್ಲಿ ತಿಳಿಸುತ್ತಾರೆ, ಶೆಲ್ಡನ್ ಮೂರ್ಛೆ ಹೋಗುತ್ತಾನೆ. ಶೆಲ್ಡನ್‌ಗೆ ತಾಗುವ ಗುಣ ಯಾವುದೆಂದು ಮೊದಲು ಬರೆದುಕೊಳ್ಳಿ, ಅದನ್ನು ಉಳಿಸಿಕೊಂಡು ಹಾಕಿಂಗ್ ಹೆಸರನ್ನು ಮಾತ್ರ ಬದಲಿಸಿ. ಅನಂತರ ಶೆಲ್ಡನ್‌ನ ಜಾಗದಲ್ಲಿ ಎದುರು ಮನೆಯ ಪೆನ್ನಿಯನ್ನು ನಿಲ್ಲಿಸಿ. ಅಂತಹ ತಪ್ಪನ್ನು ತೋರಿಸಿದರೆ ಪೆನ್ನಿ ಕ್ಷಮೆ ಕೇಳಿ, ಕಾಗದವನ್ನು ಮಡಚಿಕೊಂಡು, ನಿಂತ ಕಾಲಿನಲ್ಲೇ ಹೊರಟುಹೋಗುತ್ತಾಳೆ.